ಮೂರು ದಿನವಾದರೂ ಹುಳು ಸಾಯಲಿಲ್ಲ!

ಪ್ರಶ್ನೆ: ಮೆಕ್ಕೆಜೋಳದ ಸೈನಿಕ ಹುಳುವಿಗೆ ಮೆಟರೈಜಿಯಂ ಪುಡಿ ಹೊಡೆದೆ. ಆಳಿನ ಖರ್ಚು ಉಳಿಯಲೆಂದು ಎಲೆ ರೋಗದ ಎಣ್ಣೆಯನ್ನೂ (ಔಷಧಿಯನ್ನೂ) ಅದೇ ಪಂಪಿಗೆ ಹಾಕಿದ್ದೆ. ಮೂರು ದಿನವಾದರೂ ಹುಳು ಆರಾಮಾಗಿ ತಿನ್ನುತ್ತಿವೆ. ಅಂಗಡಿಯವರು ಮೋಸ ಮಾಡಿದರಾ?
– ಓದುಗರು, ಯಲಬುರ್ಗಾ ತಾಲ್ಲೂಕು

ಉತ್ತರ: ಅಂಗಡಿಯವರನ್ನು ಬೈಯುವ ಮೊದಲು ನಿಮ್ಮ ಪಂಪಿನೊಳಗೆ ಇಣುಕೋಣ. ಮೆಟರೈಜಿಯಂ ಅಂದರೆ ಜೀವ ಇರುವ ಬೂಷ್ಟು. ರೋಗದ ಎಣ್ಣೆ ಇರುವುದೇ ಬೂಷ್ಟು ಕೊಲ್ಲಲಿಕ್ಕೆ. ಎರಡನ್ನೂ ಕೂಡಿಸಿದರೆ ಪಂಪಿನಲ್ಲೇ ಕಥೆ ಮುಗೀತಲ್ವಾ? ಬೇಜಾರು ಬೇಡ, ಮೊದಲ ವರ್ಷ ನಾನೂ ಇದೇ ಮಾಡಿದ್ದೆ.

ಮೂರು ದಿನವೂ ಕಡಿಮೆಯೇ. ಪುಡಿಯಲ್ಲಿರುವ ಬೂಷ್ಟಿನ ಬೀಜಕಣ ಹುಳುವಿನ ಚರ್ಮಕ್ಕೆ ಅಂಟಬೇಕು, ಮೊಳಕೆ ಒಡೆಯಬೇಕು, ಚರ್ಮ ಕೊರೆದು ಒಳಗೆ ಬೆಳೆಯಬೇಕು. ಅದಕ್ಕೆ ಸುಮಾರು ಒಂದು ವಾರ ಹಿಡಿಯುತ್ತದೆ. ಹೋದ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ನಮ್ಮ ಹೊಲದ ಒಂದು ಸುಳಿ ಬಿಡಿಸಿದೆ. ಒಳಗೆ ಹುಳು ಸೀಮೆಸುಣ್ಣದ ತುಂಡಿನ ಹಾಗೆ ಬೆಳ್ಳಗೆ, ಸೆಟೆದು ಕೂತಿತ್ತು. ಎರಡು ದಿನ ಬಿಟ್ಟು ನೋಡಿದರೆ ಮೈತುಂಬ ಹಸಿರು ಪುಡಿ. ಆ ಪುಡಿಯೇ ಗಾಳಿಗೆ ಹಾರಿ ಬೇರೆ ಹುಳುಗಳಿಗೂ ಅಂಟುತ್ತದೆ.

ಪಂಪು ಚೆನ್ನಾಗಿ ತೊಳೆದು ಇನ್ನೊಮ್ಮೆ ಹೊಡೆಯಿರಿ. ಸಂಜೆ, ಬಿಸಿಲು ಇಳಿದ ಮೇಲೆ, ಸುಳಿಯೊಳಗೇ ಬೀಳುವ ಹಾಗೆ. ಕೊಪ್ಪಳದ ಬಿಸಿಲಿಗೆ ನಾವೇ ತಾಳಲ್ಲ, ಬೀಜಕಣ ತಾಳುತ್ತದಾ? ಹುಳು ಸಣ್ಣದಿದ್ದಾಗ ಜಾಸ್ತಿ ಕೆಲಸ ಮಾಡುತ್ತದೆ. ಬೆರಳುದ್ದ ಬೆಳೆದವನ್ನು ಸುಮ್ನೆ ಕೈಯಲ್ಲೇ ಆರಿಸಿ.

ಹಾಂ, ಪಕ್ಕದಲ್ಲಿ ಯಾರಾದರೂ ರೇಷ್ಮೆ ಸಾಕುತ್ತಿದ್ದರೆ ಈ ಪುಡಿ ಆ ಕಡೆ ಸುಳಿಯಬಾರದು. ರೇಷ್ಮೆ ಹುಳುವಿನ ಸುಣ್ಣಕಟ್ಟು ರೋಗವೂ ಇಂಥದೇ ಬೂಷ್ಟಿನದು.