ಹಳೆಯ ಡಿಕ್ಯಾಂಟರ್‌ನ ಮಸುಕು: ಸುಣ್ಣವೋ, ಸವೆತವೋ?

ಪ್ರಶ್ನೆ: ಹಿರಿಯರಿಂದ ಬಂದ ವೈನ್ ಡಿಕ್ಯಾಂಟರ್‌ನ (ವೈನ್ ಸುರಿದಿಟ್ಟು ಬಡಿಸುವ ಗಾಜಿನ ಪಾತ್ರೆಯ) ಒಳಭಾಗ ಬೆಳ್ಳಗೆ ಮಸುಕಾಗಿದೆ. ಮರಳು ಮತ್ತು ಬಿಸಿನೀರು ಹಾಕಿ ಕುಲುಕಿದರೆ ಹೋಗುತ್ತದೆಯೇ?

ಉತ್ತರ: ಹೋಗುವುದಿಲ್ಲ. ಈ ಪ್ರಶ್ನೆ ನನಗೆ ತಲುಪುವಷ್ಟರಲ್ಲಿ ಹಲವರು ಯಾವುದೋ ವಿಡಿಯೋ ನಂಬಿ ಕುಲುಕಿ ಮುಗಿಸಿರುತ್ತಾರೆ. ಮರಳು ಗಾಜಿಗಿಂತ ಗಟ್ಟಿಯಾದುದರಿಂದ ಮಸುಕಿನ ಜೊತೆಗೆ ಗೀರುಗಳೂ ಸೇರುತ್ತವೆ. ಬಿಸಿನೀರಿಗೆ ದಪ್ಪ ತಳ ಬಿರಿಯಬಹುದು.

ನೀರು ಆರಿದಾಗ ಉಳಿಯುವ ಸುಣ್ಣದ ಪೊರೆಯಾದರೆ, ವಿನೆಗರ್ ಬೆರೆಸಿದ ನೀರನ್ನು ಒಂದು ರಾತ್ರಿ ತುಂಬಿಟ್ಟರೆ ಕರಗುತ್ತದೆ. ವಾರಗಟ್ಟಲೆ ಬಿಡಬೇಡಿ, ಹುಳಿಯು ಇಂಥ ಗಾಜಿನಲ್ಲಿ ಬೆರೆತಿರುವ ಸೀಸವನ್ನೂ (ಲೆಡ್ ಎಂಬ ವಿಷಕಾರಿ ಲೋಹ) ಎಳೆಯುತ್ತದೆ. ಆದರೆ ಬಿರಡೆ ಮುಚ್ಚಿದ ಪಾತ್ರೆಯೊಳಗೆ ವರ್ಷಗಟ್ಟಲೆ ಉಳಿದ ತೇವವು ಗಾಜಿನ ಕ್ಷಾರವನ್ನು ಹೊರಗೆಳೆದು ಮೇಲ್ಮೈಯನ್ನೇ ಕೊರೆದಿದ್ದರೆ, ಅದು ಕೊಳೆಯಲ್ಲ. ಯಾವ ದ್ರವವೂ ಅದನ್ನು ತೊಳೆಯಲಾರದು. ಒದ್ದೆಯಿರುವಾಗ ಎರಡು ಬಗೆಯ ಮಸುಕೂ ಕಾಣುವುದಿಲ್ಲವಾದ್ದರಿಂದ, ವಿನೆಗರ್ ಚೆಲ್ಲಿ, ತೊಳೆದು, ಬೋರಲು ಹಾಕಿ, ಪೂರ್ತಿ ಒಣಗಿದ ಮೇಲೆಯೇ ತೀರ್ಮಾನಿಸಬೇಕು. ಕೆಲವು ಮಾರಾಟಗಾರರ ಕೈಚಳಕವೂ ಇಲ್ಲಿಯೇ ಇದೆ: ಒಳಗೆ ತೆಳುವಾಗಿ ಎಣ್ಣೆ ಸವರಿದರೆ ಸವೆದ ಗಾಜೂ ಸ್ಫಟಿಕದಂತೆ ಹೊಳೆಯುತ್ತದೆ. ಕೊಳ್ಳುವ ಮುನ್ನ ಕತ್ತಿನೊಳಗೆ ಬೆರಳಾಡಿಸಿ. ಜಿಡ್ಡು ಹತ್ತಿದರೆ ಅಲ್ಲೇ ಬಿಟ್ಟು ಬನ್ನಿ.

ಸವೆತಕ್ಕಿರುವ ಮದ್ದು ಒಂದೇ: ತಾಮ್ರದ ಚೂರುಗಳನ್ನೂ ಹೊಳಪಿನ ಪುಡಿಯನ್ನೂ ತುಂಬಿ, ನುರಿತವರು ಯಂತ್ರದಲ್ಲಿ ತಿರುಗಿಸಿ ಒಂದು ಪದರವನ್ನೇ ಉಜ್ಜಿ ತೆಗೆಯುತ್ತಾರೆ. ಗಾಜು ತೆಳುವಾಗುತ್ತದೆ, ಖರ್ಚೂ ಹೆಚ್ಚು. ನಾನಾಗಿದ್ದರೆ ಸಾಧಾರಣ ತುಣುಕನ್ನು ಹಾಗೆಯೇ ಬಿಡುತ್ತೇನೆ. ಮನೆಯಲ್ಲೇ ಹೈಡ್ರೋಫ್ಲೂರಿಕ್ ಆಮ್ಲ ಬಳಸಿರೆಂದು ಹೇಳುವ ಸ್ವಯಂಘೋಷಿತ ಪಂಡಿತರ ಮಾತಿಗೆ ಕಿವಿಗೊಡಬೇಡಿ. ಅದು ಚರ್ಮದ ಮೂಲಕ ಇಳಿದು ಮೂಳೆಯವರೆಗೂ ಹಾನಿ ಮಾಡುತ್ತದೆ.

ಪ್ರಶ್ನೆ: ವೈನನ್ನು ಅದರಲ್ಲೇ ಇಟ್ಟಿರಬಹುದೇ?

ಉತ್ತರ: ಊಟದ ಹೊತ್ತಿಗೆ ಬಡಿಸಲು ಬಳಸಿ, ಉಳಿದದ್ದನ್ನು ಅದೇ ರಾತ್ರಿ ಬಾಟಲಿಗೆ ಮರಳಿಸಿ. ಇಂಗ್ಲೆಂಡಿನ ಗಾಜು ತಯಾರಕ ಜಾರ್ಜ್ ರೇವನ್ಸ್‌ಕ್ರಾಫ್ಟ್ 1674ರಲ್ಲಿ ಪೇಟೆಂಟ್ ಪಡೆದ ಬಗೆಯ ಇಂಗ್ಲಿಷ್ ಗಾಜಿಗೆ ಹೊಳಪು ಕೊಟ್ಟದ್ದೇ ಸೀಸ. 1991ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಇಂಥ ಡಿಕ್ಯಾಂಟರ್‌ಗಳಲ್ಲಿ 4 ತಿಂಗಳು ಇಟ್ಟ ಪೋರ್ಟ್ ವೈನಿನ ಸೀಸ ಲೀಟರಿಗೆ 2,000 ಮೈಕ್ರೋಗ್ರಾಂ ದಾಟಿತ್ತು. "ಅಜ್ಜ ಕುಡಿಯುತ್ತಿದ್ದರು, ಏನೂ ಆಗಲಿಲ್ಲ" ಎಂಬ ವಾದವನ್ನು ದಯವಿಟ್ಟು ನನಗೆ ಬರೆಯಬೇಡಿ.

ಪ್ರಶ್ನೆ: ತಟ್ಟಿದರೆ ಗಂಟೆಯಂತೆ ದನಿಸುತ್ತದೆ. ಪುರಾತನವೇ?

ಉತ್ತರ: ನಿನ್ನೆ ತಯಾರಾದ ಕ್ರಿಸ್ಟಲ್ (ಸೀಸ ಬೆರೆತ ಗಾಜು) ಕೂಡ ಹಾಗೆಯೇ ದನಿಸುತ್ತದೆ. ಅದರ ಬದಲು, ಬಿರಡೆಯ ಕಾಲಿನಲ್ಲೂ ಕತ್ತಿನ ಅಂಚಿನಲ್ಲೂ ಒಂದೇ ಸಂಖ್ಯೆ ಗೀಚಿದೆಯೇ ನೋಡಿ. ಇದ್ದರೆ ಬಿರಡೆಯೂ ಪಾತ್ರೆಯೂ ಜೋಡಿಯಾಗಿಯೇ ತಯಾರಾದವು.

ಪ್ರಶ್ನೆ: ನನ್ನ ಕ್ಲಾರೆಟ್ (ಕೆಂಪು ವೈನ್) ಹೂಜಿಯ ಬೆಳ್ಳಿಯ ಭಾಗದ ಮೇಲೆ, ವರ್ಷ ಸೂಚಿಸುವ ಅಕ್ಷರವೂ ಸೇರಿದ ಇಂಗ್ಲೆಂಡಿನ ಹಾಲ್‌ಮಾರ್ಕ್ ಮುದ್ರೆಯಿದೆ. ವಯಸ್ಸು ಖಚಿತವಾದಂತೆಯೇ?

ಉತ್ತರ: ಬೆಳ್ಳಿಯದು ಖಚಿತ. ಒಡೆದ ಗಾಜನ್ನು ಬದಲಿಸಿ ಹಳೆಯ ಬೆಳ್ಳಿಯನ್ನೇ ಕೂರಿಸುವುದು ಅಪರೂಪವೇನಲ್ಲ.