ಸುದ್ದಿ ಸಾಗಿಸುವ ಕೆಲಸ ಮಗಳಿಗೆ ಬೇಡ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ದಾವಣಗೆರೆಯ ದಂಪತಿ. ಗಂಡನದು ಬೈಕ್ ಬಿಡಿಭಾಗಗಳ ಅಂಗಡಿ, ಹೆಂಡತಿಗೆ ಖಾಸಗಿ ನೌಕರಿ. ಬೇರೆ ಬೇರೆ ಇದ್ದು ಒಂದು ವರ್ಷ ದಾಟಿದೆ. ಮಗಳಿಗೆ 11, ಮಗನಿಗೆ 6. ಮಕ್ಕಳು ವಾರವಿಡೀ ತಾಯಿಯ ತವರಲ್ಲಿ, ಭಾನುವಾರ ಅಪ್ಪನ ಹತ್ತಿರ. ವಿಚ್ಛೇದನಕ್ಕೆ ಇಬ್ಬರದೂ ಒಪ್ಪಿಗೆ ಇತ್ತು. ಆಪ್ತಸಲಹೆಗೆ ನನ್ನ ಬಳಿ ಬಂದದ್ದು ಮಗಳ ಹೊಟ್ಟೆನೋವಿನ ಸಲುವಾಗಿ. ಶನಿವಾರ ರಾತ್ರಿ ಶುರುವಾದರೆ ಸೋಮವಾರ ತಾನಾಗೇ ನಿಲ್ಲುತ್ತಿತ್ತು. ಡಾಕ್ಟರು ನೋಡಿ ಏನೂ ತೊಂದರೆ ಇಲ್ಲ ಅಂದಿದ್ದರು.

ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿದೆ. ಭಾನುವಾರ ಏನೇನು ಮಾಡ್ತೀಯ ಅಂತ ಕೇಳಿದರೆ, ಆಟ ತಿಂಡಿ ಬಿಟ್ಟು ಬೇರೆಯದೇ ಹೇಳಿದಳು. "ಅಮ್ಮ ಏನೋ ಹೇಳಿ ಕಳಿಸ್ತಾರೆ. ಅದನ್ನ ಹಂಗೇ ಹೇಳಿದ್ರೆ ಅಪ್ಪಂಗೆ ಸಿಟ್ಟು ಬರುತ್ತೆ. ಅದಕ್ಕೆ ನಾನು ಸ್ವಲ್ಪ ಬದಲಾಯಿಸಿ ಹೇಳ್ತೀನಿ ಮೇಡಂ." ಒಂದು ಉದಾಹರಣೆ ಕೊಡು ಅಂದೆ. "ನಿಮ್ಮಪ್ಪಂಗೆ ಫೀಸ್ ಕಟ್ಟೋ ಯೋಗ್ಯತೆ ಇದೆಯಾ ಕೇಳು" ಅನ್ನುವುದು ಅವಳ ಬಾಯಲ್ಲಿ "ಫೀಸಿಗೆ ಇನ್ನೂ ಟೈಮ್ ಇದೆಯಂತೆ ಅಪ್ಪಾ, ನಿಧಾನಕ್ಕೆ ಕಟ್ಟಬಹುದಂತೆ" ಆಗುತ್ತಿತ್ತು. ಅಪ್ಪ ನಿಜವಾಗಿಯೂ ನಿಧಾನ ಮಾಡುತ್ತಿದ್ದ. ಅಮ್ಮ ಮತ್ತಷ್ಟು ಕೆರಳುತ್ತಿದ್ದಳು. ವಾಪಸ್ ಬರುವಾಗ ಅಪ್ಪನ ಉತ್ತರವನ್ನೂ ತಿದ್ದಬೇಕು. ಹೊಟ್ಟೆ ನೋಯದೆ ಇನ್ನೇನಾಗುತ್ತೆ?

ಹುಡುಗಿಯ ಒಪ್ಪಿಗೆ ಪಡೆದು ಇಷ್ಟನ್ನು ಮಾತ್ರ ಇಬ್ಬರಿಗೂ ಒಟ್ಟಿಗೆ ಹೇಳಿದೆ. ತಾಯಿ ಅತ್ತರು. ತಂದೆ ಬಹಳ ಹೊತ್ತು ಮಾತಾಡಲಿಲ್ಲ. (ಹೊಡೆತ, ಬೆದರಿಕೆ ಇರುವ ಮನೆಗಳಲ್ಲಿ ಹೀಗೆ ಎದುರುಬದುರು ಕೂರಿಸಬಾರದು. ಅಲ್ಲಿ ಮೊದಲು ಸುರಕ್ಷತೆ ನೋಡಬೇಕು.)

ಕೊಟ್ಟ ಸಲಹೆ ದೊಡ್ಡದೇನಲ್ಲ. ಮಕ್ಕಳ ಕೈಲಿ ಒಂದು ಮಾತೂ ಕಳಿಸಬೇಡಿ, ಚೀಟಿಯನ್ನೂ ಬೇಡ. ಫೀಸು ಅಪ್ಪನ ಖಾತೆಯಿಂದ ನೇರ ಶಾಲೆಗೆ ಹೋಗಲಿ. ಉಳಿದದ್ದು ವಾಟ್ಸಾಪ್‌ನಲ್ಲಿ, ಮಕ್ಕಳ ವಿಷಯ ಮಾತ್ರ. ಹಳೇ ಲೆಕ್ಕ ಅಲ್ಲಿ ತೆಗೆಯುವಂತಿಲ್ಲ. ಕಳಿಸುವ ಮುಂಚೆ "ಇದನ್ನ ಜಡ್ಜ್ ಓದಿದರೆ?" ಅಂತ ಒಮ್ಮೆ ಯೋಚಿಸಿ ಅಂದೆ. ಮನೆ ಬಾಗಿಲಲ್ಲಿ ಮಕ್ಕಳನ್ನು ಒಪ್ಪಿಸುವಾಗಲೇ ಜಗಳ ಜಾಸ್ತಿ. ಅದಕ್ಕೆ ಶನಿವಾರ ಮಧ್ಯಾಹ್ನ ಅಪ್ಪ ಶಾಲೆಯಿಂದಲೇ ಕರೆದೊಯ್ಯುವುದು, ಸೋಮವಾರ ಬೆಳಿಗ್ಗೆ ಶಾಲೆಗೇ ಬಿಡುವುದು ಅಂತಾಯಿತು. ಮಕ್ಕಳಿಗೆ ಇಬ್ಬರೂ ಒಟ್ಟಿಗೆ ಹೇಳಬೇಕಾದ ಮಾತನ್ನು ಬಾಯಿಪಾಠವೇ ಮಾಡಿಸಿದೆ: "ನಾವಿಬ್ಬರೂ ಇನ್ಮೇಲೆ ಬೇರೆ ಬೇರೆ ಇರ್ತೀವಿ. ನಿಮ್ಮಿಂದ ಆಗಿದ್ದಲ್ಲ. ಇಬ್ಬರೂ ನಿಮ್ಮವರೇ."

ಅಜ್ಜಿಯನ್ನೂ ಕರೆಸಿದ್ದೆ, ಅಪ್ಪನ ತಾಯಿ. "ಐದು ವರ್ಷ ದಾಟಿದ ಗಂಡು ಹುಡುಗ ಅಪ್ಪಂಗೇ ಸೇರ್ತಾನ್ರಿ" ಅಂತ ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಇದು ಸೊಸೆಯ ಕಿವಿಗೆ ಬಿದ್ದು, ಮಗನನ್ನು ಕಳಿಸುವುದಕ್ಕೇ ಅವರಿಗೆ ಭಯ. ಹಿಂದೂಗಳಿಗೆ ಅನ್ವಯಿಸುವ 1956ರ ಕಾನೂನು 5 ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಬಳಿ ಇರಬೇಕು ಅನ್ನುತ್ತದೆ, ನಿಜ. ಹಾಗಂತ ಆಮೇಲೆ ತಾನಾಗೇ ಅಪ್ಪನ ಪಾಲಾಗುವುದಿಲ್ಲ. ಕೋರ್ಟು ನೋಡುವುದು ಮಗುವಿನ ಹಿತವನ್ನು. ಅಜ್ಜಿ ಪೂರ್ತಿ ಒಪ್ಪಲಿಲ್ಲ. ಆದರೆ ಹುಡುಗರ ಮುಂದೆ ಆಡುವುದಿಲ್ಲ ಅಂದರು. ನನಗೆ ಅಷ್ಟೇ ಸಾಕಿತ್ತು.

ಪರಸ್ಪರ ಒಪ್ಪಿಗೆಯ ಅರ್ಜಿ ಈಗ ಕೋರ್ಟಿನಲ್ಲಿದೆ. ಅದಕ್ಕೆ 6 ತಿಂಗಳ ಕಾಯುವಿಕೆ ಇದೆ. ಅದನ್ನು ಕೋರ್ಟು ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇವರು ಮನ್ನಾ ಕೇಳಲಿಲ್ಲ. ಹೊಸ ವ್ಯವಸ್ಥೆ ಸರಿಹೋಗುತ್ತಾ ನೋಡೋಣ ಅಂದರು. ಮಗಳ ಹೊಟ್ಟೆನೋವು ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ. ತಾಯಿಯ ವಾಟ್ಸಾಪ್ ಈಗಲೂ ಒಮ್ಮೊಮ್ಮೆ ಉದ್ದವಾಗುತ್ತದೆ. ಹಬ್ಬಗಳು ಹಂಚಿಕೆಯಾದವು: ದುಗ್ಗಮ್ಮನ ಜಾತ್ರೆ ಅಪ್ಪನ ಮನೆಯಲ್ಲಿ, ಯುಗಾದಿ ಅಮ್ಮನ ಮನೆಯಲ್ಲಿ. ಬೇಸಿಗೆ ರಜೆ ಮಾತ್ರ ಇತ್ಯರ್ಥವಾಗಿಲ್ಲ. ಅಪ್ಪ ಅರ್ಧರ್ಧ ಅಂತಾರೆ, ಅಮ್ಮ ಹತ್ತು ದಿನ ಸಾಕು ಅಂತಾರೆ. ಮುಂದಿನ ಭೇಟಿಗೆ ಇಬ್ಬರೂ ಶಾಲೆಯ ರಜೆ ಪಟ್ಟಿ ತರಲು ಹೇಳಿದ್ದೇನೆ.