ಬರಿಯ ಕೂಗಿಗೆ ಸರ್ಕಾರ ಅಂಜಿದ್ದೇಕೆ?

ಪ್ರಶ್ನೆ: ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಬೀದಿಯಲ್ಲಿ ‘ವಂದೇ ಮಾತರಂ’ ಎಂದು ಕೂಗಿದವರ ಮೇಲೂ ಪೊಲೀಸರು ಲಾಠಿ ಬೀಸಿದರೆಂದು ಓದಿದ್ದೇನೆ. ಆಯುಧವಿಲ್ಲದವರ ಬರಿಯ ಕೂಗಿಗೆ ಬ್ರಿಟಿಷ್ ಅಧಿಕಾರಿಗಳು ಅಷ್ಟೊಂದು ತಲೆಕೆಡಿಸಿಕೊಂಡದ್ದು ಏಕೆ?

ಉತ್ತರ: ಶಬ್ದವನ್ನು ಹಗುರವಾಗಿ ಕಾಣುವ ಆಡಳಿತ ಅದಾಗಿರಲಿಲ್ಲ. ವೈಸ್‌ರಾಯ್‌ಗೆ 31, ಮೈಸೂರು ಮಹಾರಾಜರಿಗೆ 21, ಲೆಫ್ಟಿನೆಂಟ್ ಗವರ್ನರನಿಗೆ 15 ಎಂದು ಲೆಕ್ಕವಿಟ್ಟು ಕುಶಾಲತೋಪು ಹಾರಿಸಿ, ಯಾರ ಅಂತಸ್ತು ಎಷ್ಟೆಂಬುದನ್ನು ಊರಿನ ಕಿವಿಗೇ ಮುಟ್ಟಿಸುತ್ತಿದ್ದ ವ್ಯವಸ್ಥೆ ಅದು. 1861ರ ಪೊಲೀಸ್ ಕಾಯ್ದೆಯ 30ನೇ ಕಲಮಂತೂ ಮೆರವಣಿಗೆಗೆ ಪರವಾನಗಿಯ ನಿರ್ಬಂಧ ಹೇರುವುದರ ಜೊತೆಗೆ, ಹಬ್ಬಹರಿದಿನಗಳಂದು ಬೀದಿಯಲ್ಲಿ ಎಷ್ಟರಮಟ್ಟಿಗೆ ವಾದ್ಯ ನುಡಿಸಬಹುದೆಂದು ನಿಗದಿಪಡಿಸುವ ಅಧಿಕಾರವನ್ನೂ ಪೊಲೀಸರಿಗೆ ಕೊಟ್ಟಿತ್ತು. ಹೀಗೆ ವಾದ್ಯಕ್ಕೇ ಅಪ್ಪಣೆ ಬೇಕಾಗಿದ್ದ ಬೀದಿಯಲ್ಲಿ ಅಪ್ಪಣೆಯಿಲ್ಲದೆ ಎದ್ದ ಕೂಗು ಅಧಿಕಾರಿಯ ಕಿವಿಗೆ ಆಜ್ಞೆಯ ಉಲ್ಲಂಘನೆಯಾಗಿಯೇ ಕೇಳಿಸುತ್ತಿತ್ತು.

ಇದಕ್ಕೆ ಪೂರ್ವ ಬಂಗಾಳದ ಬಾರಿಸಾಲ್ ಪ್ರಸಂಗಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಬಂಗಾಳದ ವಿಭಜನೆಯ ನಂತರ ಲೆಫ್ಟಿನೆಂಟ್ ಗವರ್ನರ್ ಫುಲ್ಲರನ ಆಡಳಿತವು ಬೀದಿಯಲ್ಲಿ ಈ ಘೋಷಣೆ ಕೂಗುವುದನ್ನು ನಿಷೇಧಿಸಿತ್ತು. 1906ರ ಏಪ್ರಿಲ್ 14ರಂದು ಪ್ರಾಂತೀಯ ಸಮ್ಮೇಳನದ ಪ್ರತಿನಿಧಿಗಳು ಮೆರವಣಿಗೆ ಹೊರಟಾಗ, ಮುಂದಿದ್ದ ಹಿರಿಯರನ್ನು ಹೋಗಗೊಟ್ಟ ಪೊಲೀಸರು ಹಿಂದಿದ್ದ ತರುಣರ ಮೇಲೆ ಬಿದ್ದರು. ಚಿತ್ತರಂಜನ್ ಗುಹ ಠಾಕುರ್ತಾ ಎಂಬ ಯುವಕ ಏಟು ತಿನ್ನುತ್ತಾ ಕೊಳಕ್ಕೆ ಬಿದ್ದ. ನೀರಿನಲ್ಲಿಯೂ ಲಾಠಿ ಅವನನ್ನು ಬಿಡಲಿಲ್ಲ, ಒಂದೊಂದು ಪೆಟ್ಟಿಗೂ ಅವನು ‘ವಂದೇ ಮಾತರಂ’ ಎನ್ನುವುದನ್ನು ಬಿಡಲಿಲ್ಲ. ಸುರೇಂದ್ರನಾಥ ಬ್ಯಾನರ್ಜಿಯವರನ್ನು ಬಂಧಿಸಿ ಒಟ್ಟು 400 ರೂಪಾಯಿ ದಂಡ ವಿಧಿಸಲಾಯಿತು. ಮರುದಿನ ಪೊಲೀಸ್ ಅಧಿಕಾರಿ ಸಭೆಗೇ ಬಂದು, ಸಭೆ ಮುಗಿದ ಮೇಲೆ ಯಾರೂ ಬೀದಿಯಲ್ಲಿ ಘೋಷಣೆ ಕೂಗುವುದಿಲ್ಲವೆಂದು ಮಾತು ಕೊಡಿ, ಇಲ್ಲವೇ ಸಭೆ ಮುರಿಯಿರಿ ಎಂದ. ಅಧ್ಯಕ್ಷ ಅಬ್ದುಲ್ ರಸೂಲರು ಮಾತು ಕೊಡಲಿಲ್ಲ; ಸಭೆ ಚದುರಿತು. ಒಳಗೆ ನಡೆಯುತ್ತಿದ್ದ ಭಾಷಣಗಳಿಗಿಂತ ಹೊರಗೆ ಇನ್ನೂ ಎದ್ದಿರದ ಎರಡು ಪದಗಳೇ ಆ ಅಧಿಕಾರಿಗೆ ಭಾರವಾಗಿದ್ದವು. ಭಾಷಣಕಾರನನ್ನು ಹೆಸರು ಹಿಡಿದು ಬಂಧಿಸಬಹುದು, ಪತ್ರಿಕೆಯನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಗುಂಪಿನ ಕೂಗಿಗೆ ಒಬ್ಬ ಒಡೆಯನೆಂಬುವನಿಲ್ಲ, ಅಕ್ಷರ ಬಾರದವನೂ ಅದರಲ್ಲಿ ದನಿಗೂಡಿಸಬಲ್ಲ.

ಸದ್ದಿಲ್ಲದಿರುವುದೂ ಪ್ರತಿಭಟನೆಯೇ ಆಗುತ್ತಿತ್ತು. 1921ರ ಡಿಸೆಂಬರಿನಲ್ಲಿ ಬ್ರಿಟಿಷ್ ಯುವರಾಜ ಅಲಹಾಬಾದಿಗೆ ಬಂದಾಗ ಅಂಗಡಿಗಳು ಮುಚ್ಚಿದ್ದವು, ಬೀದಿಗಳು ಬಿಕೋ ಎನ್ನುತ್ತಿದ್ದವು.

ಏಳು ಮಂದಿ ಸದಸ್ಯರಲ್ಲಿ ಒಬ್ಬ ಭಾರತೀಯನೂ ಇಲ್ಲದ, ಭಾರತದ ಆಡಳಿತ ಸುಧಾರಣೆಯನ್ನು ಪರಿಶೀಲಿಸಲು ಬ್ರಿಟಿಷ್ ಸರ್ಕಾರ ಕಳಿಸಿದ ಸೈಮನ್ ಆಯೋಗವು 1928ರ ಫೆಬ್ರವರಿ 3ರಂದು ಮುಂಬಯಿಯಲ್ಲಿ ಇಳಿದಾಗ ‘ಸೈಮನ್ ಗೋ ಬ್ಯಾಕ್’ ಎಂಬ ಕೂಗು ಅದಕ್ಕೆ ಎದುರಾಯಿತು. ಆಯೋಗ ಹೋದ ಊರುಗಳಲ್ಲೆಲ್ಲ ಆ ಕೂಗು ಅದನ್ನು ಬೆನ್ನಟ್ಟಿತು. ಆಡುವವನ ಭಾಷೆಯಲ್ಲದೆ ಕೇಳುವವನ ಭಾಷೆಯಲ್ಲಿ ಕಟ್ಟಿದ ಘೋಷಣೆಯಾದ್ದರಿಂದ ಸೈಮನ್ ಸಾಹೇಬರಿಗೆ ದುಭಾಷಿಯ ಅಗತ್ಯವೇ ಬೀಳಲಿಲ್ಲವೆನ್ನಿ. ಲಖನೌದ ಕೈಸರ್‌ಬಾಗಿನಲ್ಲಿ ತಾಲ್ಲೂಕುದಾರರು, ಎಂದರೆ ಅಲ್ಲಿನ ದೊಡ್ಡ ಜಮೀನ್ದಾರರು, ಆಯೋಗಕ್ಕೆ ಔತಣ ಕೊಟ್ಟ ದಿನ ಪೊಲೀಸರು ಕಾವಲು ಹಾಕಿ ಜನರನ್ನು ದೂರವೇ ತಡೆದಿದ್ದರು. ಕೂಗು ಒಳಗೆ ಮುಟ್ಟದಂತಾದಾಗ ಜನರು ಅದೇ ಮಾತನ್ನು ಗಾಳಿಪಟ, ಬಲೂನುಗಳ ಮೇಲೆ ಬರೆದು ಔತಣದ ನೆತ್ತಿಯ ಮೇಲೆ ಹಾರಿಬಿಟ್ಟರು.